ಮನೆಯನ್ನು ಯಾವ ಊರಿನಲ್ಲಿ ಮಾಡೋಣ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನೆ ಕಟ್ಟುವ ಕಷ್ಟವನ್ನು ಆ ಗಾದೆ ಹೇಳುತ್ತದೆಯೇ ಹೊರತು, ಮನೆಯನ್ನು ಯಾವ ಊರಿನಲ್ಲಿ ಕಟ್ಟಬೇಕೆಂಬ ಪ್ರಶ್ನೆಯನ್ನು ಎತ್ತುವುದಿಲ್ಲ. ಗಾದೆ ಹುಟ್ಟಿದ ಕಾಲದಲ್ಲಿ ಬಹುಪಾಲು ಜನರಿಗೆ ಆ ಪ್ರಶ್ನೆಯೇ ಇರಲಿಲ್ಲ. ಹೊಲವಿದ್ದಲ್ಲಿ ಮನೆ, ಮನೆಯಿದ್ದಲ್ಲಿ ದುಡಿಮೆ. ದುಡಿಯುವ ಊರು ಒಂದು, ಮಕ್ಕಳನ್ನು ಬೆಳೆಸುವ ಊರು ಇನ್ನೊಂದು ಎಂಬ ಸ್ಥಿತಿ ನಮ್ಮಲ್ಲಿ ಹುಟ್ಟಿ ನೂರೈವತ್ತು ವರ್ಷವೂ ಸರಿಯಾಗಿ ಆಗಿಲ್ಲ.

ಇಂದು ಹೊನ್ನಾಳಿಯಂಥ ಊರಿನ ಯುವ ದಂಪತಿಗಳಿಗೆ ಈ ಪ್ರಶ್ನೆ ಪ್ರತಿದಿನದ ಮಾತಾಗಿದೆ. ಉದ್ಯೋಗ ಶಿವಮೊಗ್ಗದಲ್ಲಿ ಅಥವಾ ದಾವಣಗೆರೆಯಲ್ಲಿ ಸಿಕ್ಕಿದೆ. ಊರಿನಲ್ಲಿ ಸ್ವಂತ ಮನೆಯಿದೆ, ವಯಸ್ಸಾದ ತಂದೆತಾಯಿಗಳಿದ್ದಾರೆ. ಮಕ್ಕಳಿಗೆ ಮಾತ್ರ ನಗರದ ಶಾಲೆ ಬೇಕು. ಇಲ್ಲಿಯೇ ಉಳಿದು ದಿನವೂ ಹೋಗಿಬರಬೇಕೆ, ಅಥವಾ ಮನೆಗೆ ಬೀಗ ಹಾಕಿ ನಗರಕ್ಕೆ ನಡೆಯಬೇಕೆ? ಓದುಗ ಮಿತ್ರರೇ, ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ನಮಗಿಂತ ಮೊದಲು ಇದೇ ಆಯ್ಕೆಯನ್ನು ಮಾಡಿದವರ ಇತಿಹಾಸ ನಮ್ಮ ನಾಡಿನಲ್ಲಿಯೇ ಇದೆ. ಅದನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ರೈಲು ಬಾರದ ಊರು

ಮೊದಲು ಹೊನ್ನಾಳಿಯನ್ನೇ ನೋಡೋಣ. ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಸಂಗಮಿಸಿ ತುಂಗಭದ್ರೆಯಾದ ಮೇಲೆ, ಆ ನದಿಯ ದಡದಲ್ಲಿ ಸಿಗುವ ದೊಡ್ಡ ಊರುಗಳಲ್ಲಿ ಇದು ಒಂದು. ಹೆಸರಿನಲ್ಲಿಯೇ ಹೊನ್ನಿದೆ. ಸಮೀಪದ ಕುದುರೆಕೊಂಡದ ಸುತ್ತಮುತ್ತ ಚಿನ್ನ ತೆಗೆಯುವ ಪ್ರಯತ್ನಗಳೂ ಹಿಂದೆ ನಡೆದವು. ಆದರೆ ಈ ಊರನ್ನು ಸಾಕಿದ್ದು ಹೊನ್ನಲ್ಲ, ಹೊಳೆ. ಕಾಲುವೆಗಳ ನೀರು ಬಂದ ಮೇಲಂತೂ ಭತ್ತ, ಅಡಿಕೆಗಳ ಬೆಳೆ ಇಲ್ಲಿಯ ಜೀವನದ ಆಧಾರವಾಯಿತು.

ಊರಿನ ಮುಂದಿನ ದಾರಿಯನ್ನು ನಿರ್ಧರಿಸಿದ್ದು ರೈಲು. ಬೆಂಗಳೂರಿನಿಂದ ಉತ್ತರಕ್ಕೆ ಹೊರಟ ರೈಲುಮಾರ್ಗ 1889ರಲ್ಲಿ ಹರಿಹರವನ್ನು ಮುಟ್ಟಿತು. ಬೀರೂರಿನಿಂದ ಕವಲೊಡೆದ ಇನ್ನೊಂದು ಮಾರ್ಗ 1899ರಲ್ಲಿ ಶಿವಮೊಗ್ಗಕ್ಕೆ ಬಂದಿತು. ಹೊನ್ನಾಳಿ ಈ ಎರಡು ಮಾರ್ಗಗಳ ನಡುವೆ ಉಳಿಯಿತು. ದಾವಣಗೆರೆ ಹತ್ತಿಯ ಗಿರಣಿಗಳ ನಗರವಾಯಿತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಎದ್ದಿತು. ಶಿವಮೊಗ್ಗ ಮಲೆನಾಡಿನ ಹೆಬ್ಬಾಗಿಲಾಗಿ ಬೆಳೆಯಿತು. ಹೊನ್ನಾಳಿಗೆ ಬಸ್ಸೇ ಗತಿಯಾಯಿತು. ಶಿವಮೊಗ್ಗ ಸುಮಾರು ನಲವತ್ತು ಕಿಲೋಮೀಟರ್. ದಾವಣಗೆರೆಯೂ ಹೆಚ್ಚುಕಡಿಮೆ ಅಷ್ಟೇ ದೂರ.

1997ರ ಆಗಸ್ಟ್ 15ರಂದು ದಾವಣಗೆರೆ ಹೊಸ ಜಿಲ್ಲೆಯಾದಾಗ, ಅದುವರೆಗೆ ಶಿವಮೊಗ್ಗಕ್ಕೆ ಸೇರಿದ್ದ ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳು ಹೊಸ ಜಿಲ್ಲೆಗೆ ಸೇರಿದವು. ಕಚೇರಿಯ ಕಾಗದಗಳ ದಿಕ್ಕು ಒಂದೇ ದಿನದಲ್ಲಿ ಬದಲಾಯಿತು. ನೆಂಟಸ್ತಿಕೆಯ, ಸಂತೆಯ, ಆಸ್ಪತ್ರೆಯ ದಿಕ್ಕು ಅಷ್ಟು ಬೇಗ ಬದಲಾಗಲಿಲ್ಲ. 2018ರಲ್ಲಿ ನ್ಯಾಮತಿ ಬೇರೆ ತಾಲ್ಲೂಕಾಯಿತು. ಹೀಗೆ ಹೊನ್ನಾಳಿ ಎರಡು ನಗರಗಳ ಕಡೆಗೂ ಮುಖಮಾಡಿ ನಿಂತ ಊರಾಗಿದೆ. ಇದು ಅದರ ಅನುಕೂಲವೂ ಹೌದು, ಚಿಂತೆಯೂ ಹೌದು.

ಬಿಳಿಯ ಮನೆಗಳ ಬಡಾವಣೆ

ನಗರದ ಸಮೀಪದಲ್ಲಿ, ಆದರೆ ನಗರದ ಹೊರಗೆ ಕುಟುಂಬಗಳನ್ನು ಬೆಳೆಸಬೇಕೆಂಬ ಸಂಕಲ್ಪದಿಂದಲೇ ಹುಟ್ಟಿದ ಊರೊಂದು ಕರ್ನಾಟಕದಲ್ಲಿದೆ. ಅದು ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡ್. ಇಂದು ಆ ಹೆಸರು ಕೇಳಿದೊಡನೆ ಗಾಜಿನ ಕಟ್ಟಡಗಳೂ ವಾಹನಗಳ ಸಾಲುಗಳೂ ನೆನಪಾಗುತ್ತವೆ. ಅದರ ಆರಂಭ ಬೇರೆಯೇ ಇತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆಂಗ್ಲೋ-ಇಂಡಿಯನ್ ಸಮುದಾಯ ದೊಡ್ಡ ಚಿಂತೆಯಲ್ಲಿತ್ತು. ರೈಲ್ವೆ, ತಂತಿ ಇಲಾಖೆ, ಸುಂಕದ ಕಚೇರಿಗಳ ನೌಕರಿಯನ್ನೇ ನಂಬಿದ್ದ ಜನ ಅವರು. ನೌಕರಿ ತಪ್ಪಿದರೆ ನೆಲವಿಲ್ಲ, ನೆಲೆಯಿಲ್ಲ. ಅವರ ಮುಖಂಡರಾಗಿದ್ದ ಡಿ. ಎಸ್. ವೈಟ್ ಎಂಬವರು, ಸಮುದಾಯದವರು ಭೂಮಿಯ ಮೇಲೆ ನೆಲೆನಿಂತು ಸ್ವಂತ ದುಡಿಮೆಯಿಂದ ಬದುಕಬೇಕೆಂದು ಬಯಸಿದರು. 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರು ಇಂಥ ನೆಲೆಗಳಿಗಾಗಿ ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಒಂದು ನೆಲೆಗೆ ವೈಟ್ ಅವರ ಹೆಸರೇ ಉಳಿಯಿತು.

ಊರಿನ ನಕ್ಷೆಯನ್ನು ಗಮನಿಸಿ. ನಡುವೆ ತೆರೆದ ಬಯಲು, ಅದರ ಸುತ್ತ ದುಂಡಗಿನ ರಸ್ತೆ, ಆ ರಸ್ತೆಯ ಹೊರಗೆ ಇನ್ನೊಂದು ಸುತ್ತು. ಮನೆಗಳ ಹಿಂದೆ ತೋಟ. 1886ರ ಹೊತ್ತಿಗೆ ಚರ್ಚೂ ಎದ್ದಿತು. 1864ರಲ್ಲಿಯೇ ಆರಂಭವಾಗಿದ್ದ ಬೆಂಗಳೂರು–ಜೋಲಾರಪೇಟೆ ರೈಲುಮಾರ್ಗ ಸಮೀಪದ ಕಾಡುಗೋಡಿಯ ಮೂಲಕವೇ ಹಾದುಹೋಗುತ್ತಿತ್ತು. ಗಾಳಿ ಒಳ್ಳೆಯದು, ಸುತ್ತಲೂ ಒಂದೇ ನಂಬಿಕೆಯ ನೆರೆಹೊರೆ, ಬೇಕೆಂದಾಗ ರೈಲು ಹತ್ತಿದರೆ ನಗರ. ಮಕ್ಕಳನ್ನು ಬೆಳೆಸಲು ಇದಕ್ಕಿಂತ ಒಳ್ಳೆಯ ಸ್ಥಳ ಇನ್ನಾವುದು ಎಂದು ಯಾರಿಗಾದರೂ ಅನ್ನಿಸುವಂತಿತ್ತು.

ಆದರೂ ಸಂಕಲ್ಪಿಸಿದ ಕೃಷಿನೆಲೆ ಅಲ್ಲಿ ಬೇರೂರಲಿಲ್ಲ. ಭೂಮಿ ಬಯಲುಸೀಮೆಯ ಒಣಭೂಮಿ, ನೀರು ಕಡಿಮೆ. ಬಂದವರಲ್ಲಿ ಹೆಚ್ಚಿನವರು ಬೇಸಾಯ ಬಲ್ಲವರಲ್ಲ. ಬೆಳೆದ ಮಕ್ಕಳು ರೈಲ್ವೆಗೆ, ಕೋಲಾರದ ಗಣಿಗಳಿಗೆ, ದೂರದ ನಗರಗಳಿಗೆ ನೌಕರಿ ಹುಡುಕಿ ಹೊರಟರು. ಸ್ವಾತಂತ್ರ್ಯದ ನಂತರ ಎಷ್ಟೋ ಕುಟುಂಬಗಳು ಆಸ್ಟ್ರೇಲಿಯಾ, ಇಂಗ್ಲೆಂಡುಗಳಿಗೆ ವಲಸೆಹೋದವು. ಮಕ್ಕಳಿಗಾಗಿ ಕಟ್ಟಿದ ಊರು ನಿವೃತ್ತರ ಊರಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1990ರ ದಶಕದಲ್ಲಿ ತಂತ್ರಜ್ಞಾನ ಪಾರ್ಕು ಅಲ್ಲಿಗೆ ಬಂದಿತು. ನಗರಕ್ಕೆ ಹೋಗಿಬರಲು ಅನುಕೂಲವೆಂದು ಕಟ್ಟಿದ ಊರಿಗೆ ನಗರವೇ ದುಡಿಯಲು ಬರತೊಡಗಿತು. 2023ರಲ್ಲಿ ಮೆಟ್ರೋ ರೈಲು ಕೂಡ ಅಲ್ಲಿಯವರೆಗೆ ಸಾಗಿತು. ದುಂಡಗಿನ ರಸ್ತೆಗಳು ಈಗಲೂ ಇವೆ. ತೋಟದ ಮನೆಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ.

ವೈಟ್‌ಫೀಲ್ಡಿನಿಂದ ನಾವು ಕಲಿಯಬೇಕಾದದ್ದು ಏನು? ಒಳ್ಳೆಯ ಗಾಳಿ, ಒಳ್ಳೆಯ ನಕ್ಷೆ, ಒಳ್ಳೆಯ ನೆರೆಹೊರೆ ಇವೆಲ್ಲ ಇದ್ದರೂ, ಬೆಳೆದ ಮಕ್ಕಳಿಗೆ ಊರಿನಲ್ಲಿಯೇ ಮಾಡಲು ಕೆಲಸವಿಲ್ಲದಿದ್ದರೆ ಊರು ಒಂದು ತಲೆಮಾರಿಗಿಂತ ಹೆಚ್ಚು ಕಾಲ ತನ್ನ ಸ್ವರೂಪದಲ್ಲಿ ಬಾಳುವುದಿಲ್ಲ. ಇಂಗ್ಲೆಂಡಿನ ಎಬೆನೆಜರ್ ಹೊವಾರ್ಡ್ ಎಂಬ ಚಿಂತಕ ಉದ್ಯಾನನಗರಗಳ ಯೋಜನೆಯನ್ನು 1898ರಲ್ಲಿ ಪ್ರಕಟಿಸಿದಾಗ ಇದನ್ನೇ ಮುಂಗಂಡಿದ್ದನು. ಅವನ ಊರಿನಲ್ಲಿ ಮನೆ ಮತ್ತು ತೋಟದ ಜೊತೆಗೆ ಕಾರ್ಖಾನೆಯೂ ಹೊಲವೂ ಇರಬೇಕಿತ್ತು. ರಾತ್ರಿ ಮಲಗಲು ಮಾತ್ರ ಬರುವ ಊರು ಅವನ ಕನಸಾಗಿರಲಿಲ್ಲ.

ಚಿನ್ನ ತೀರಿದ ಮೇಲೆ

ಇನ್ನೊಂದು ಉದಾಹರಣೆ ಇದಕ್ಕೆ ತದ್ವಿರುದ್ಧ. ಕೋಲಾರದ ಚಿನ್ನದ ಗಣಿ ಪ್ರದೇಶ, ಅಂದರೆ ಕೆಜಿಎಫ್, ನಗರಕ್ಕೆ ಹೋಗಿಬರುವ ಊರಾಗಬೇಕೆಂದು ಯಾರೂ ಕಟ್ಟಿದ್ದಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಗಣಿಗಾರಿಕೆಯಿಂದ ಅದು ಬೆಳೆಯಿತು. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ 1894ರಲ್ಲಿ ರೈಲು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದವು. ಗಣಿಯೂ ಅಲ್ಲಿಯೇ, ಮನೆಯೂ ಅಲ್ಲಿಯೇ, ಶಾಲೆ, ಆಸ್ಪತ್ರೆ, ಚರ್ಚು ಎಲ್ಲವೂ ಅಲ್ಲಿಯೇ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ದುಡಿಮೆ ಹೋಯಿತು, ಮನೆಗಳು ಉಳಿದವು. ಆಗ ಅಲ್ಲಿಯ ಜನ ಊರು ಬಿಡುವ ಬದಲು ಬೆಳಗಿನ ಕತ್ತಲೆಯಲ್ಲಿ ರೈಲು ಹತ್ತಿದರು. ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ, ರಾತ್ರಿ ಮರಳಿ ಬರುವ ಬದುಕನ್ನು ಸಾವಿರಾರು ಮಂದಿ ಒಪ್ಪಿಕೊಂಡರು. ಬಾಡಿಗೆಯ ಹೊರೆ ಇದಕ್ಕೆ ಒಂದು ಕಾರಣ. ಅಷ್ಟೇ ಮುಖ್ಯವಾದ ಕಾರಣ, ತಲೆಮಾರುಗಳಿಂದ ಬೆಸೆದ ನೆರೆಹೊರೆ. ತಂದೆತಾಯಿ ಇಲ್ಲದ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿ, ಪಕ್ಕದ ಮನೆಯವರು, ಪರಿಚಯದ ಮೇಷ್ಟ್ರು ಇವರನ್ನು ಬೆಂಗಳೂರಿನಲ್ಲಿ ಬಾಡಿಗೆಗೆ ಪಡೆಯಲಾಗುವುದಿಲ್ಲ.

ಹೀಗೆ ಒಂದು ಊರಿನಿಂದ, ಎಲ್ಲ ಸೌಕರ್ಯವಿದ್ದರೂ, ಜನ ಹೊರಟುಹೋದರು. ಇನ್ನೊಂದು ಊರಿನಲ್ಲಿ, ಎಲ್ಲ ಕಳೆದುಕೊಂಡರೂ, ಜನ ಉಳಿದರು. ಊರನ್ನು ಉಳಿಸುವುದು ದುಡಿಮೆ ಎಂದು ವೈಟ್‌ಫೀಲ್ಡ್ ಹೇಳಿದರೆ, ಬಾಂಧವ್ಯ ಎಂದು ಕೆಜಿಎಫ್ ಹೇಳುತ್ತದೆ. ಎರಡೂ ನಿಜ.

ದಾರಿಯಲ್ಲಿ ಕಳೆಯುವ ಆಯುಷ್ಯ

ಕೆಜಿಎಫ್‌ನ ಜನ ತೆತ್ತ ಬೆಲೆಯನ್ನು ಮಾತ್ರ ಮರೆಯುವಂತಿಲ್ಲ. ಇಟಲಿಯ ವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ವಿಚಾರವನ್ನು ಮಂಡಿಸಿದನು. ವಾಹನ ಯಾವುದೇ ಇರಲಿ, ಕಾಲ ಯಾವುದೇ ಇರಲಿ, ಮನುಷ್ಯ ದಿನಕ್ಕೆ ಸರಾಸರಿ ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತಾನೆ ಎಂಬುದೇ ಆ ವಿಚಾರ. ನಡೆದೇ ಓಡಾಡುತ್ತಿದ್ದ ಕಾಲದಲ್ಲಿ ಅರ್ಧ ಗಂಟೆಗೆ ಎರಡೂವರೆ ಕಿಲೋಮೀಟರ್. ಆದ್ದರಿಂದಲೇ ಪ್ರಾಚೀನ ನಗರಗಳ ಅಡ್ಡಗಲ ಐದು ಕಿಲೋಮೀಟರ್ ಮೀರಲಿಲ್ಲ. ವೇಗ ಹೆಚ್ಚಿದಂತೆ ನಗರ ಹಿಗ್ಗಿತು, ಆದರೆ ಸಹನೆಯ ಮಿತಿ ಹಿಗ್ಗಲಿಲ್ಲ.

ಈ ಅಳತೆಗೋಲನ್ನು ನಮ್ಮ ರಸ್ತೆಗೆ ಹಿಡಿದು ನೋಡಿ. ಹೊನ್ನಾಳಿಯಿಂದ ನಗರಕ್ಕೆ ಬಸ್ಸಿನಲ್ಲಿ ಹೋಗಿಬರಲು, ಕಾಯುವ ಹೊತ್ತೂ ಸೇರಿ, ದಿನಕ್ಕೆ ಎರಡೂವರೆ ಗಂಟೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 250 ದಿನದ ಕೆಲಸವೆಂದರೆ 625 ಗಂಟೆ. ಅಂದರೆ ಹಗಲು ರಾತ್ರಿ ಸೇರಿ 26 ದಿನ. ಮಗು ಒಂದನೆಯ ತರಗತಿಯಿಂದ ಹತ್ತನೆಯ ತರಗತಿ ಮುಗಿಸುವಷ್ಟರಲ್ಲಿ ತಂದೆ ಅಥವಾ ತಾಯಿ 260 ದಿನಗಳನ್ನು ರಸ್ತೆಯ ಮೇಲೆಯೇ ಕಳೆದಿರುತ್ತಾರೆ. ಮಕ್ಕಳ ಒಳಿತಿಗಾಗಿಯೇ ಸಣ್ಣ ಊರಿನಲ್ಲಿ ಉಳಿದವರು, ಮಕ್ಕಳು ಎಚ್ಚರವಾಗಿರುವ ಹೊತ್ತಿಗೆ ಮನೆಯಲ್ಲಿರದಿದ್ದರೆ ಆ ಉಳಿಯುವಿಕೆಯ ಫಲವೇನು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ನಮ್ಮ ತಾಲ್ಲೂಕು ಕೇಂದ್ರಗಳ ಬಸ್‌ನಿಲ್ದಾಣಗಳಲ್ಲಿ ಬೆಳಿಗ್ಗೆ ನಗರಕ್ಕೆ ಹೊರಡುವವರಷ್ಟೇ ಅಲ್ಲ, ನಗರದಿಂದ ಬಂದಿಳಿಯುವವರೂ ಕಾಣುತ್ತಾರೆ. ಶಿಕ್ಷಕರು, ವೈದ್ಯರು, ಬ್ಯಾಂಕಿನವರು, ಕಚೇರಿಯ ನೌಕರರು. ಸರ್ಕಾರಿ ನೌಕರರು ಕೇಂದ್ರಸ್ಥಾನದಲ್ಲಿಯೇ ವಾಸಿಸಬೇಕೆಂದು ಸರ್ಕಾರ ಮತ್ತೆ ಮತ್ತೆ ಸುತ್ತೋಲೆ ಹೊರಡಿಸಿದೆ. ಆದರೂ ಮಕ್ಕಳ ಶಾಲೆಯ ಕಾರಣದಿಂದ ಅನೇಕರು ನಗರದಲ್ಲಿಯೇ ಮನೆ ಮಾಡುತ್ತಾರೆ. ಅವರನ್ನು ದೂರಬೇಕಾಗಿಲ್ಲ, ಅವರದೂ ನಮ್ಮದೇ ಪ್ರಶ್ನೆ. ಆದರೆ ಊರಿನ ಶಾಲೆಯಲ್ಲಿ ಪಾಠ ಹೇಳುವವರ ಮಕ್ಕಳು ಆ ಶಾಲೆಯಲ್ಲಿ ಓದದೆ ಹೋದಾಗ, ಊರಿನ ಆಸ್ಪತ್ರೆಯ ವೈದ್ಯರು ರಾತ್ರಿ ಊರಿನಲ್ಲಿ ಇರದೆ ಹೋದಾಗ, ಊರು ಏನನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಲೆಕ್ಕ ಹಾಕುವುದು ಕಷ್ಟ. ಒಳ್ಳೆಯ ಶಾಲೆ ಇಲ್ಲವೆಂದು ಓದಿದವರು ಊರು ಬಿಡುತ್ತಾರೆ. ಓದಿದವರು ಬಿಟ್ಟದ್ದರಿಂದ ಶಾಲೆಯನ್ನು ಪ್ರಶ್ನಿಸುವವರು ಇಲ್ಲವಾಗುತ್ತಾರೆ.

ಓದುಗರ ಮುಂದಿರುವ ಆಯ್ಕೆ

ಹಾಗಾದರೆ ಏನು ಮಾಡೋಣ? ಸಣ್ಣ ಊರಿನ ಬದುಕೆಲ್ಲ ಸೊಗಸು ಎಂದು ಹೇಳುವುದು ಪ್ರಾಮಾಣಿಕವಲ್ಲ. ತುಂಗಭದ್ರೆ ತುಂಬಿ ಹರಿದಾಗ ತಗ್ಗಿನ ಮನೆಗಳವರು ಪಡುವ ಪಾಡು ಊರಿನವರಿಗೆ ಗೊತ್ತು. 2019ರ ನೆರೆಯನ್ನು ಯಾರೂ ಮರೆತಿಲ್ಲ. ನಗರದ ಬದುಕೆಲ್ಲ ಕೇಡು ಎನ್ನುವುದೂ ಸರಿಯಲ್ಲ. ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯ, ತುರ್ತುಚಿಕಿತ್ಸೆ ಇವೆಲ್ಲ ಅಲ್ಲಿವೆ. ದೂರದ ಬೆಟ್ಟ ನುಣ್ಣಗೆ ಕಾಣುವುದು ಎರಡೂ ಕಡೆಯಿಂದ.

ಆಯ್ಕೆ ಮಾಡುವ ಮೊದಲು ಕೆಲವು ಮಾತುಗಳನ್ನು ಗಂಡಹೆಂಡತಿ ಕುಳಿತು ಆಡಿಕೊಳ್ಳುವುದು ಒಳ್ಳೆಯದು. ದೂರವನ್ನು ಕಿಲೋಮೀಟರಿನಲ್ಲಿ ಅಳೆಯದೆ ಗಂಟೆಗಳಲ್ಲಿ ಅಳೆಯಿರಿ. ಇಬ್ಬರೂ ದುಡಿಯುವವರಾದರೆ ಒಬ್ಬರಾದರೂ ಮಗು ಶಾಲೆಯಿಂದ ಮರಳುವ ಹೊತ್ತಿಗೆ ಹತ್ತಿರದಲ್ಲಿರಲು ಸಾಧ್ಯವೇ ಎಂದು ನೋಡಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರ ಪ್ರಯಾಣದ ಖರ್ಚು ಇಲ್ಲವಾಯಿತು. ಆದರೆ ಪ್ರಯಾಣದ ಹೊತ್ತು ಹಾಗೆಯೇ ಇದೆ. ಮನೆಯ ಹಿರಿಯರು ನಗರದ ಎರಡು ಕೋಣೆಯ ಮನೆಯಲ್ಲಿ ಯಾರೊಡನೆ ಮಾತನಾಡುತ್ತಾರೆ ಎಂದು ಯೋಚಿಸಿ.

ಎಲ್ಲಕ್ಕಿಂತ ಮುಖ್ಯವಾಗಿ, ಉಳಿಯುವುದಾದರೆ ಅರ್ಧ ಮನಸ್ಸಿನಿಂದ ಉಳಿಯಬೇಡಿ. ರಾತ್ರಿ ಮಾತ್ರ ಬರುವವರಿಗೆ ಊರು ಒಂದು ಛತ್ರ. ಭಾನುವಾರದ ಒಂದು ಹೊತ್ತನ್ನಾದರೂ ಊರಿನ ಶಾಲೆಗೆ, ವಾಚನಾಲಯಕ್ಕೆ, ಹೊಳೆಯ ದಡಕ್ಕೆ, ಪಕ್ಕದ ಬೀದಿಯ ಒಂಟಿ ಹಿರಿಯರಿಗೆ ಕೊಡಿ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕುಳಿತುಕೊಳ್ಳಿ. ನಗರದಲ್ಲಿ ಕಲಿತ ಕಸುಬೊಂದನ್ನು ಊರಿನ ಇಬ್ಬರು ಯುವಕರಿಗೆ ಕಲಿಸಿಕೊಡಿ. ವೈಟ್‌ಫೀಲ್ಡಿನ ಕುಟುಂಬಗಳಿಗೆ ಭೂಮಿ ದೊರೆಯಿತು, ನಾಳೆಯ ದುಡಿಮೆ ದೊರೆಯಲಿಲ್ಲ. ಹೊನ್ನಾಳಿಗೆ ನೀರಿದೆ, ನೆಲವಿದೆ, ಎರಡು ನಗರಗಳ ಸಾಮೀಪ್ಯವಿದೆ. ನಗರಕ್ಕೆ ಹೋಗಿಬರುವವರು ಸಂಜೆ ಮರಳುವಾಗ ಸಂಬಳದ ಜೊತೆಗೆ ಒಂದಿಷ್ಟು ತಿಳಿವಳಿಕೆಯನ್ನೂ ಊರಿಗೆ ತಂದರೆ, ಇಂದು ಬೆಳೆಯುತ್ತಿರುವ ಮಕ್ಕಳಿಗೆ ಇಪ್ಪತ್ತು ವರ್ಷಗಳ ನಂತರ ಮನೆಗೆ ಬೀಗ ಹಾಕುವ ಪ್ರಸಂಗ ಬಾರದಿರಬಹುದು.