ಬೆಂದ ಲಾಬ್‌ಸ್ಟರಿನ ಕೆಂಪು

ಯುರೋಪಿನ ಕಡಲಲ್ಲಿ ಸಿಗುವ ಲಾಬ್‌ಸ್ಟರ್ ಎಂಬ ಭಾರಿ ಸೀಗಡಿಯ ಬಣ್ಣ ಕಡುನೀಲಿ. ಕುದಿನೀರಿಗೆ ಬಿದ್ದೊಡನೆ ಕೆಂಪಾಗುತ್ತದೆ. ಚಿಪ್ಪಿನ ಪ್ರೋಟೀನಿಗೆ ಅಂಟಿಕೊಂಡು ನೀಲಿಯಾಗಿ ಕಾಣುತ್ತಿದ್ದ ವರ್ಣದ್ರವ್ಯವನ್ನು ಕಾವು ಬಿಡಿಸುತ್ತದೆ. 1938ರಲ್ಲಿ ಹೈಡೆಲ್‌ಬರ್ಗಿನ ರಿಚರ್ಡ್ ಕೂನ್, ಸೋರೆನ್ಸೆನ್‌ನೊಡಗೂಡಿ ಅದನ್ನು ಬೇರ್ಪಡಿಸಿದನು. ಅದೇ ಅಸ್ಟಾಕ್ಸಾಂಥಿನ್, ಕ್ಯಾರೆಟ್ಟಿನ ಬಣ್ಣದ ಬಂಧು. ಆ ವರ್ಷದ ನೊಬೆಲ್ ಬಹುಮಾನ ಕೂನನಿಗೆ ಬಂದರೂ ಹಿಟ್ಲರನ ಸರ್ಕಾರ ಸ್ವೀಕರಿಸಗೊಡಲಿಲ್ಲ. ಅಯ್ಯೋ ಪಾಪ ಎನ್ನಲೂ ಮನಸ್ಸು ಬಾರದು: ಅದೇ ಸರ್ಕಾರದ ಸೈನ್ಯಕ್ಕಾಗಿ 1944ರಲ್ಲಿ ಸೋಮಾನ್ ಎಂಬ ಘೋರ ವಿಷವನ್ನು ಕಂಡುಹಿಡಿದವನೂ ಆತನೇ.

ಬಣ್ಣವೇನೋ ನಿರಪರಾಧಿ. ಸಾಕಿದ ಸಾಲ್ಮನ್ ಮೀನಿನ ಮೇವಿಗೆ ಇದನ್ನು ಬೆರೆಸದಿದ್ದರೆ ಮಾಂಸ ಬಿಳಿಚಿಕೊಳ್ಳುತ್ತದೆ, ಕೊಳ್ಳುವವರು ಮುಖ ತಿರುಗಿಸುತ್ತಾರೆ. ಅದಕ್ಕೆ ಬಹುಪಾಲು ಕಾರ್ಖಾನೆಯ ಕೃತಕ ಸರಕೇ ಸಾಕು. ಹೆಮಟೊಕಾಕಸ್ ಪಾಚಿಯಿಂದ ತೆಗೆದ ಸಹಜ ಬಣ್ಣ ಮಾತ್ರ, ಆಮ್ಲಜನಕದ ಹಾವಳಿ ತಡೆಯುವ ಉತ್ಕರ್ಷಣ ನಿರೋಧಕವೆಂಬ ಹೆಸರು ಹೊತ್ತು, ದುಬಾರಿ ಗುಳಿಗೆಯಾಗಿ ಅಂಗಡಿ ಸೇರಿದೆ.