ಬಾರು, ಬಾಯಿ, ಒರೆ: ಪಲ್ಲಡಂನ ತೊಗಲ ಕೆಲಸ ಮತ್ತು ಒಂದು ಮನೆಮಾತು

ನನ್ನ ವಿಷಯ ಚಿಕ್ಕದು: ತೊಗಲಿನ ಅಂಚಿಗೆ ಬಾರು ಹೆಣೆಯುವುದು. ನಮ್ಮ ಮನೆಯಲ್ಲಿ ತಾತ ಮಾಡಿದ ಒಂದು ಚೂರಿಯ ಒರೆ ಇದೆ. ಎರಡು ಪದರ ತೊಗಲು, ಅಂಚಿನುದ್ದಕ್ಕೂ ತೂತು, ತೂತಿನಿಂದ ತೂತಿಗೆ ಸುತ್ತಿಬಂದ ಸಣ್ಣ ಬಾರು. ದಾರದ ಹೊಲಿಗೆ ಒಂದೂ ಇಲ್ಲ. ತಾತ ಪಲ್ಲಡಂ ಕಡೆಯವರು. ಊರಲ್ಲಿ ತಮಿಳು, ಮನೆಯಲ್ಲಿ ಕನ್ನಡ.

ಒರೆ ಅವರಿಗೆ ಬಿಡುವಿನ ಕೆಲಸ. ಹೊಟ್ಟೆಪಾಡು ಕಪಿಲೆಯದು. ಕೊಂಗು ನಾಡಿನ ಆಳ ಬಾವಿಗಳಿಂದ ಎತ್ತು ಕಟ್ಟಿ ನೀರೆಳೆಯುವ ತೊಗಲ ಚೀಲ ಅದು. ಚೀಲದ ಬಾಯಿಗೆ ಕಬ್ಬಿಣದ ಬಳೆ, ಕೆಳಗೆ ಆನೆಯ ಸೊಂಡಿಲಿನಂಥ ಕೊಳವೆ. ತೊಗಲನ್ನು ಬಳೆಗೆ ಬಿಗಿಯುವುದು ಬಾರಿನಿಂದಲೇ. ದಾರ ಹಾಕಿದರೆ ನೀರಲ್ಲಿ ಬೇಗ ಕೊಳೆಯುತ್ತೆ. ಬಾರು ನೆನೆದಷ್ಟೂ ಉಬ್ಬಿ ತೂತನ್ನು ತುಂಬಿಕೊಳ್ಳುತ್ತೆ. ತೂತು ಅಂಚಿಗೆ ತೀರಾ ಹತ್ತಿರ ಬಿದ್ದರೆ ನೀರಿನ ಭಾರಕ್ಕೆ ತೊಗಲೇ ಹರಿಯುತ್ತೆ. ಹಾಗಾಗಿ ದಬ್ಬಳ ಊರುವ ಮೊದಲು ತಾತ ಬೆರಳಲ್ಲಿ ಅಳೆಯುತ್ತಿದ್ದರಂತೆ. ಆಮೇಲೆ ತಗಡಿನ ಬಾನಿ ಬಂದಾಗಲೂ ಸೊಂಡಿಲು ತೊಗಲಿನದೇ ಉಳಿಯಿತು. 1930ರ ದಶಕದಲ್ಲಿ ಪೈಕಾರದ ವಿದ್ಯುತ್ ಕೊಯಮತ್ತೂರಿಗೆ ಬಂತು. ಮುಂದೆ ಒಂದೊಂದೇ ಬಾವಿಗೆ ಪಂಪ್‌ಸೆಟ್ ಇಳಿದು ಈ ಕೆಲಸ ನಿಂತಿತು.

ಎಡ್ಗರ್ ಥರ್ಸ್ಟನ್ (ಜನರ ಮೂಗು ಅಳೆದ ಅದೇ ಮಹಾಶಯ) 1909ರ ತನ್ನ ಏಳು ಸಂಪುಟಗಳಲ್ಲಿ, ತಮಿಳು ಜಿಲ್ಲೆಗಳ ಚಕ್ಕಿಲಿಯರು ತೆಲುಗು ಇಲ್ಲವೇ ಕನ್ನಡ ಸೀಮೆಯಿಂದ ಬಂದವರೆಂಬ ಅಭಿಪ್ರಾಯವನ್ನು ದಾಖಲಿಸುತ್ತಾನೆ. ತಾಳಿಯನ್ನು ಮೊದಲು ತಂಗಡಿಯ ಕೊಂಬೆಗೆ ಕಟ್ಟುವ ಪದ್ಧತಿಯನ್ನೂ ಹೇಳುತ್ತಾನೆ. ತೊಗಲು ಹದ ಮಾಡುವುದು ಆ ಗಿಡದ ತೊಗಟೆಯಿಂದಲೇ. ಇಂದು ಅರುಂಧತಿಯರ್ ಎಂದು ಕರೆದುಕೊಳ್ಳುವ ಈ ಸಮುದಾಯದಲ್ಲಿ ಹೆಚ್ಚಿನವರ ಮನೆಮಾತು ತೆಲುಗು, ಕೆಲವರದು ಕನ್ನಡ. ಕೊಯಮತ್ತೂರಿನಲ್ಲಿ ಕನ್ನಡವೇ ಅಂತ ಹುಬ್ಬೇರಿಸಬೇಕಿಲ್ಲ. 1956ರವರೆಗೆ ನಮ್ಮ ಕೊಳ್ಳೇಗಾಲವೇ ಆ ಜಿಲ್ಲೆಯಲ್ಲಿತ್ತು.

ಇನ್ನು ಪದಗಳು. ತಮಿಳಿನ ವಾರ್ ಕನ್ನಡದಲ್ಲಿ ಬಾರು, ವಾಯ್ ಬಾಯಿ, ಉರೈ ಒರೆ. ವಕಾರ ಬಕಾರವಾಗುವುದನ್ನು ಎಂ.ಎ. ಮೊದಲ ವರ್ಷದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಸುತ್ತ ಎಲ್ಲರೂ ವಾರ್ ಅನ್ನುವ ಊರಲ್ಲಿ ತಾತ ಕೊನೆತನಕ ಬಾರು ಅಂದರು. ಓದು ಬರಹ ಬಾರದ ಅವರಲ್ಲಿ ಆ ಬಕಾರವನ್ನು ಕಾಯ್ದದ್ದು ಕೈಕೆಲಸ ಅಂತ ನನ್ನ ಊಹೆ. ಕೆಲಸ ಕಲಿಸಿದವರು ಅಪ್ಪ, ದೊಡ್ಡಪ್ಪಂದಿರು. ಕಲಿಸಿದ ಮಾತು ಮನೆಯದು.

ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಐತಿಹ್ಯವನ್ನು ನಾವು ಭಕ್ತಿಯ ಪರಾಕಾಷ್ಠೆ ಎಂದು ಓದುತ್ತೇವೆ. ಆ ಚರ್ಮವನ್ನು ಹದ ಮಾಡಿದ್ದು ಹೇಗೆ, ಅಂಚು ಕಟ್ಟಿದ್ದು ಹೇಗೆ? ಕ್ಲಾಸಲ್ಲಿ ಯಾರೂ ಕೇಳಲಿಲ್ಲ. ನನಗೆ ಅರ್ಧ ಉತ್ತರ ಗೊತ್ತಿತ್ತು. ಹೇಳಿದರೆ ಜಾತಿ ಗೊತ್ತಾಗುತ್ತೆ ಅಂತ ಸುಮ್ಮನಿದ್ದೆ. ಈ ಪ್ರಬಂಧಕ್ಕೂ ಮೊದಲು ವಚನಗಳ ಛಂದಸ್ಸು ಅಂತ ವಿಷಯ ಕೊಟ್ಟಿದ್ದೆ. ಹೋದ ತಿಂಗಳು ಬದಲಿಸಿದೆ.

ಒರೆಯ ತುದಿಯಲ್ಲಿ ನಾಲ್ಕು ತೂತುಗಳ ಬಾರು ಹರಿದಿದೆ. ಸರಿ ಮಾಡಿಕೊಡು ಅಂತ ಅಪ್ಪನ ಕೈಗೆ ಕೊಟ್ಟೆ. ಮೂವತ್ತು ವರ್ಷ ಪಲ್ಲಡಂನ ಪವರ್‌ಲೂಮ್‌ಗಳಲ್ಲಿ ದುಡಿದ ಕೈ. ತಿರುಗಿಸಿ ನೋಡಿ, "ನಂಗೆ ಬರಲ್ಲಪ್ಪ, ತಾತ ಹೇಳ್ಕೊಡ್ಲಿಲ್ಲ. ನಾನೂ ಕೇಳ್ಲಿಲ್ಲ" ಅಂದರು.