ಎಷ್ಟು ದಿನದ ಪ್ಲುಟೋನಿಯಂ?

ಸಾಂಗ್ಲಿ, ಮಿರಜ, ಕಾಗಲ ಸೀಮೆಯ ಚರಿತ್ರೆಯನ್ನು ಅರಿಸಿನ, ಕಬ್ಬು, ತಂಬಾಕು, ಸಿತಾರುಗಳ ಲೆಕ್ಕದಲ್ಲಿ ಬರೆಯುವುದು ರೂಢಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಭಾರತದ ಪ್ಲುಟೋನಿಯಂ ಕಥೆಯಲ್ಲೂ ಈ ಸೀಮೆಗೆ ಒಂದು ಪಾಲುಂಟು. ಕಲ್ಪಾಕ್ಕಂನ ವೇಗವರ್ಧಕ (ಫಾಸ್ಟ್ ಬ್ರೀಡರ್) ರಿಯಾಕ್ಟರ್‌ಗಳ ಕೆಲಸದಲ್ಲಿ ವೃತ್ತಿಜೀವನವನ್ನೇ ಕಳೆದು, 2000ದಿಂದ 2004ರವರೆಗೆ ಅಲ್ಲಿನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದ ಶಿವರಾಮ ಭೋಜೆ ಹುಟ್ಟಿದ್ದು 1942ರಲ್ಲಿ, ಕಾಗಲ ತಾಲ್ಲೂಕಿನ ಕಸಬಾ ಸಾಂಗಾವದಲ್ಲಿ. ಇನ್ನು ದಕ್ಷಿಣಕ್ಕೆ ಇಳಿದರೆ ಕಾಳಿ ನದಿಯ ದಂಡೆಯ ಕೈಗಾ ಅಣುವಿದ್ಯುತ್ ಸ್ಥಾವರ. 1974ರ ಪೋಖ್ರಾನ್ ಸ್ಫೋಟದ ಮುಂದಾಳು ರಾಜಾ ರಾಮಣ್ಣ ತುಮಕೂರು ಜಿಲ್ಲೆಯವರು. ಈ ಕಥೆಯನ್ನು ನಾವು ಸಾಮಾನ್ಯವಾಗಿ ದಿಲ್ಲಿ, ವಾಷಿಂಗ್ಟನ್‌ಗಳ ಜಗಳವಾಗಿ ಹೇಳುತ್ತೇವೆ: ಸ್ಫೋಟ, ನಿರ್ಬಂಧ, ಒಪ್ಪಂದ. ಆ ಜಗಳದ ಬುಡದಲ್ಲಿ ಇನ್ನೂ ಸರಳವಾದ ಒಂದು ಸಂಗತಿಯಿದೆ ಎಂಬುದು ನನ್ನ ವಾದ. ಯುರೇನಿಯಂ ರಿಯಾಕ್ಟರ್‌ನೊಳಗೆ ಎಷ್ಟು ದಿನ ಕೂತಿತ್ತು ಎಂಬುದೇ ಅದು. ಪ್ಲುಟೋನಿಯಂ ಎಂಬುದು ಹೆಸರಿಗೆ ಒಂದು. ಅದರೊಳಗಿನ ಐಸೊಟೋಪುಗಳ ಬೆರಕೆ ಈ ದಿನಗಳ ಲೆಕ್ಕದ ಮೇಲೆ ನಿಂತಿದೆ.

ಈ ಲೋಹವನ್ನು ಮನುಷ್ಯ ಮೊದಲು ತಯಾರಿಸಿದ್ದು ಅಮೆರಿಕದ ಬರ್ಕ್ಲಿಯಲ್ಲಿ. ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು 1940ರ ಕೊನೆಯಲ್ಲಿ ಯುರೇನಿಯಂಗೆ ಡ್ಯೂಟರಾನ್‌ಗಳನ್ನು ಹೊಡೆದು ಪಡೆದದ್ದು ಪ್ಲುಟೋನಿಯಂ-238. 1941ರ ಫೆಬ್ರುವರಿಯಲ್ಲಿ ಅದು ಹೊಸ ಮೂಲವಸ್ತುವೆಂದು ಖಚಿತವಾಯಿತು. ಲೋಕವನ್ನು ನಡುಗಿಸಿದ್ದು ಅದರ ತಮ್ಮ 239. ರಿಯಾಕ್ಟರ್‌ನಲ್ಲಿ ಯುರೇನಿಯಂ-238 ಒಂದು ನ್ಯೂಟ್ರಾನನ್ನು ನುಂಗಿ, ನೆಪ್ಚೂನಿಯಂ ಆಗಿ, ಕೆಲವು ದಿನಗಳಲ್ಲಿ ಪ್ಲುಟೋನಿಯಂ-239 ಆಗುತ್ತದೆ. ಇದರ ಅರ್ಧಾಯುಷ್ಯ 24,110 ವರ್ಷ. ಹೀಗೆ ಹುಟ್ಟಿದ 239ನ್ನು ಅಲ್ಲೇ ಬಿಟ್ಟರೆ ಅದೂ ನ್ಯೂಟ್ರಾನ್ ನುಂಗುತ್ತದೆ. ಬಹುಪಾಲು ಒಡೆಯುತ್ತದೆ, ಒಂದು ಪಾಲು ಒಡೆಯದೆ 240 ಆಗುತ್ತದೆ, ಮುಂದೆ 241, ಆಮೇಲೆ 242. ತಂಟೆಯೆಲ್ಲ 240ರದು. ಯಾರೂ ಮುಟ್ಟದಿದ್ದರೂ ಅದರ ಪರಮಾಣುಗಳು ತಾವಾಗಿಯೇ ಒಡೆಯುತ್ತಿರುತ್ತವೆ; ಒಂದು ಗ್ರಾಂ 240 ಸೆಕೆಂಡಿಗೆ ಸುಮಾರು ಸಾವಿರ ನ್ಯೂಟ್ರಾನ್ ಉಗುಳುತ್ತದೆ. ಬಾಂಬಿನ ಎರಡು ತುಂಡುಗಳು ಸರಿಯಾಗಿ ಕೂಡುವ ಮೊದಲೇ ಈ ನ್ಯೂಟ್ರಾನ್‌ಗಳು ಕಿಡಿ ಹೊತ್ತಿಸಿಬಿಟ್ಟರೆ ಅದು ಠುಸ್ಸೆನ್ನುತ್ತದೆ. ರಿಯಾಕ್ಟರ್‌ನಲ್ಲಿ ತಯಾರಾದ ಪ್ಲುಟೋನಿಯಂನಲ್ಲಿ ಈ ಕಾಟವನ್ನು 1944ರಲ್ಲಿ ಎಮಿಲಿಯೊ ಸೆಗ್ರೆ ತಂಡ ಅಳೆದು ತೋರಿಸಿದ ಮೇಲೆ, ಲಾಸ್ ಅಲಮೋಸ್‌ನವರು ಆವರೆಗಿನ ವಿನ್ಯಾಸವನ್ನೇ ಕೈಬಿಟ್ಟು, ಗೋಲವನ್ನು ಸುತ್ತಲಿಂದ ಅದುಮುವ ದಾರಿ ಹಿಡಿದರು.

ಈ ಬೆಳಕಿನಲ್ಲಿ ಭಾರತದ ಕಥೆಯನ್ನು ಓದಬೇಕು. ಟ್ರಾಂಬೆಯ ಸೈರಸ್ ರಿಯಾಕ್ಟರ್ 1960ರಲ್ಲಿ ಚಾಲೂ ಆಯಿತು; ಕೆನಡಾದ ವಿನ್ಯಾಸ, ಅಮೆರಿಕದ ಭಾರಜಲ. ಅಲ್ಲಿ ಸುಟ್ಟ ಇಂಧನವನ್ನು ಆಮ್ಲದಲ್ಲಿ ಕರಗಿಸಿ ಪ್ಲುಟೋನಿಯಂ ಬೇರ್ಪಡಿಸುವ ಸ್ಥಾವರವೂ ಅದೇ ದಶಕದಲ್ಲಿ ಎದ್ದಿತು. ಸೈರಸ್ ಸಂಶೋಧನೆಯ ರಿಯಾಕ್ಟರ್. ವಿದ್ಯುತ್ ಮಾರಬೇಕಾದ ಒತ್ತಡ ಅದಕ್ಕಿರಲಿಲ್ಲ, ಆದ್ದರಿಂದ ಇಂಧನವನ್ನು ಹಸಿಯಾಗಿಯೇ ಹೊರತೆಗೆಯಲು ಅಡ್ಡಿಯಿರಲಿಲ್ಲ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಸ್ಫೋಟಿಸಿದ ಸುಮಾರು 6 ಕಿಲೋ ಪ್ಲುಟೋನಿಯಂ ಸೈರಸ್‌ನದು. ಕೈಗಾದ ಲೆಕ್ಕವೇ ಬೇರೆ. ಅಲ್ಲಿನ 220 ಮೆಗಾವಾಟ್ ರಿಯಾಕ್ಟರ್ ಒಂದರಲ್ಲಿ ಅಡ್ಡಲಾಗಿ ಮಲಗಿಸಿದ 306 ಕೊಳವೆಗಳು, ಒಂದೊಂದರಲ್ಲೂ 12 ಇಂಧನದ ಕಂತೆಗಳು. ಕಂತೆಯೆಂದರೆ 19 ಕಡ್ಡಿಗಳನ್ನು ಸೇರಿಸಿ ಬಿಗಿದ, ಸುಮಾರು ಅರ್ಧ ಮೀಟರ್ ಉದ್ದದ ಕಟ್ಟು. ಇದು ಒಳಗೆ ವರ್ಷಕ್ಕೂ ಮೀರಿ ಬೇಯುತ್ತದೆ. ಹೊರಬರುವಾಗ ಅದರೊಳಗಿನ ಪ್ಲುಟೋನಿಯಂನಲ್ಲಿ ಹೆಚ್ಚುಕಡಿಮೆ ಕಾಲುಭಾಗ 240. ಬಾಂಬಿನವರು ಬಯಸುವುದು ಶೇಕಡ 7ಕ್ಕಿಂತ ಕಡಿಮೆ. ಆದರೆ ಈ ಬಗೆಯ ರಿಯಾಕ್ಟರ್‌ಗೆ ಇನ್ನೊಂದು ಗುಣವಿದೆ. ಎರಡೂ ತುದಿಗೆ ಯಂತ್ರ ಕಚ್ಚಿಸಿ, ಒಂದು ಕಡೆಯಿಂದ ಹೊಸ ಕಂತೆ ತಳ್ಳಿ, ಇನ್ನೊಂದು ಕಡೆಯಿಂದ ಹಳೆಯದನ್ನು ತೆಗೆಯಬಹುದು, ಅದೂ ರಿಯಾಕ್ಟರ್ ಓಡುತ್ತಿರುವಾಗಲೇ. ಬೇಕೆಂದರೆ ಒಂದು ಕಂತೆಯನ್ನು ವಾರಗಳಲ್ಲೇ ಹೊರಗೆಳೆಯಲೂ ಬರುತ್ತದೆ. ವಿದ್ಯುತ್ತಿನ ಪ್ಲುಟೋನಿಯಂಗೂ ಬಾಂಬಿನದಕ್ಕೂ ನಡುವಿನ ಗೆರೆ ಕೈಗಾದ ಬೇಲಿಯ ಮೇಲೆ ಹಾದುಹೋಗಿಲ್ಲ, ಇಂಧನ ಬದಲಿಸುವವರ ಕ್ಯಾಲೆಂಡರ್ ಮೇಲೆ ಹಾದುಹೋಗಿದೆ.

ಇದಕ್ಕೊಂದು ಗಟ್ಟಿ ಆಕ್ಷೇಪವುಂಟು. ಅಮೆರಿಕ 1962ರಲ್ಲಿ ರಿಯಾಕ್ಟರ್ ದರ್ಜೆಯದೆಂದು ತಾನೇ ಕರೆದ ಪ್ಲುಟೋನಿಯಂ ಬಳಸಿ ನೆವಾಡಾದಲ್ಲಿ ಸ್ಫೋಟ ನಡೆಸಿತು; 1977ರಲ್ಲಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಹಾಗಾದರೆ ಎಲ್ಲ ಪ್ಲುಟೋನಿಯಂ ಬಾಂಬಿಗೆ ಬಂದೀತು, ಬೆರಕೆಯ ಮಾತೇಕೆ? ಆಗ ಬಳಸಿದ ವಸ್ತುವಿನ ನಿಖರ ಬೆರಕೆಯನ್ನು ಅಮೆರಿಕ ಪ್ರಕಟಿಸಲಿಲ್ಲ. ಅದು ಕೈಗಾದಷ್ಟೇ ಬೆಂದದ್ದೆಂದು ಒಪ್ಪಿಕೊಂಡರೂ ನನ್ನ ವಾದ ಬೀಳುವುದಿಲ್ಲ. ಸಾಧ್ಯವೇ ಎಂಬುದು ಒಂದು ಪ್ರಶ್ನೆ, ಯಾರಾದರೂ ಆರಿಸಿಕೊಂಡಾರೆಯೇ ಎಂಬುದು ಇನ್ನೊಂದು. ಹೆಚ್ಚು ಶಾಖ, ಹೆಚ್ಚು ವಿಕಿರಣ, ನಂಬಲಾಗದ ಇಳುವರಿ: ಹಸಿ ಇಂಧನ ಕೈಯಲ್ಲಿರುವ ಸರ್ಕಾರ ಇಷ್ಟು ತೊಂದರೆಯನ್ನು ತಾನಾಗಿ ಮೈಮೇಲೆ ಎಳೆದುಕೊಳ್ಳುವುದಿಲ್ಲ.

ಎರಡನೆಯ ಆಕ್ಷೇಪ ಇತಿಹಾಸಕಾರರದು: ದಾರಿಯನ್ನು ತೀರ್ಮಾನಿಸಿದ್ದು ರಾಜಕೀಯ, ಐಸೊಟೋಪು ಅಲ್ಲ ಎಂಬುದು. ಭೋಜೆಯವರ ಕಲ್ಪಾಕ್ಕಂ ಇದಕ್ಕೆ ಒಳ್ಳೆಯ ಪರೀಕ್ಷೆ. 1969ರಲ್ಲಿ ಫ್ರಾನ್ಸಿನ ಜೊತೆ ಕರಾರಾಗಿ, ಭೋಜೆ ಸೇರಿದಂತೆ ಕೆಲವು ಎಂಜಿನಿಯರ್‌ಗಳು ಕಾದರಾಶ್‌ಗೆ ಹೋಗಿ ರಾಪ್ಸೋದಿ ರಿಯಾಕ್ಟರ್‌ನ ಮಾದರಿಯಲ್ಲಿ ವಿನ್ಯಾಸ ಕಲಿತು ಬಂದರು. ಆ ವಿನ್ಯಾಸದ ಇಂಧನಕ್ಕೆ ಹೆಚ್ಚು ಸಂವರ್ಧಿಸಿದ ಯುರೇನಿಯಂ ಬೇಕಿತ್ತು. ಪೋಖ್ರಾನ್ ಆದ ಮೇಲೆ ಅದು ಬರುವ ಬಾಗಿಲು ಮುಚ್ಚಿತು. ಅಲ್ಲಿಯ ತನಕ ರಾಜಕೀಯವೇ ಸರಿ. ಬಾಗಿಲು ಮುಚ್ಚಿದ ಮೇಲೆ ಏನು ಸಾಧ್ಯವಾಯಿತು ಎಂಬುದನ್ನು ಹೇಳಿದ್ದು ಭೌತಶಾಸ್ತ್ರ. ವೇಗದ ನ್ಯೂಟ್ರಾನ್‌ಗಳ ಮುಂದೆ 240 ಕೂಡ ತಕ್ಕಮಟ್ಟಿಗೆ ಒಡೆಯುತ್ತದೆ. ಬಾಂಬಿನವರು ಬೈಯುವ ಬೆರಕೆ ಇಲ್ಲಿ ಉರಿಯುತ್ತದೆ. ಹಾಗಾಗಿ ಟ್ರಾಂಬೆಯವರು 70 ಪಾಲು ಪ್ಲುಟೋನಿಯಂ ಕಾರ್ಬೈಡ್, 30 ಪಾಲು ಯುರೇನಿಯಂ ಕಾರ್ಬೈಡ್ ಸೇರಿದ ಇಂಧನಕ್ಕೆ ಕೈಹಾಕಿದರು. ಗಾಳಿ ತಾಗಿದರೆ ಹೊತ್ತಿಕೊಳ್ಳುವ ಪುಡಿ ಅದು. ಜಡ ಅನಿಲ ತುಂಬಿದ ಪೆಟ್ಟಿಗೆಯೊಳಗೆ ರಬ್ಬರ್ ಕೈಗವಸಿನಲ್ಲಿ ಕೈತೂರಿಸಿ, ಬಿಲ್ಲೆಯಾಗಿ ಒತ್ತಿ, 5.1 ಮಿಲಿಮೀಟರ್ ದಪ್ಪದ ಕೊಳವೆಗಳಿಗೆ ತುಂಬಬೇಕು. 1985ರ ಅಕ್ಟೋಬರ್ 18ರಂದು ಈ ಇಂಧನದಿಂದ ಕಲ್ಪಾಕ್ಕಂನ ಪುಟ್ಟ ಪರೀಕ್ಷಾ ರಿಯಾಕ್ಟರ್ ಚಾಲೂ ಆಯಿತು.

2006ರಲ್ಲಿ ನಾಗರಿಕ ಮತ್ತು ಮಿಲಿಟರಿ ಸ್ಥಾವರಗಳನ್ನು ವಿಂಗಡಿಸಿದಾಗ 22ರಲ್ಲಿ 14 ರಿಯಾಕ್ಟರ್‌ಗಳನ್ನು ಭಾರತ ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿತು. ಹೊರಗುಳಿದ ಎಂಟರಲ್ಲಿ ನಾಲ್ಕು ಕೈಗಾದವು. ಬಾಂಬಿಗಾಗಿಯೇ ಎಂದು ಹಲವರು ಬರೆದರು. ಆ ಅನುಮಾನವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಮೇಲೆ ಹೇಳಿದ ಕ್ಯಾಲೆಂಡರ್ ಯಾರಿಗೂ ತೋರಿಸದೆ ಉಳಿಯಿತಲ್ಲ. ಆದರೂ ಇನ್ನೊಂದು ಕಾರಣ ಹೆಚ್ಚು ತೂಕದ್ದು. ತಪಾಸಣೆ ವಸ್ತುವಿನ ಬೆನ್ನುಹತ್ತಿ ಹೋಗುತ್ತದೆ. ಕೈಗಾದ ಪ್ಲುಟೋನಿಯಂಗೆ ಮೊಹರು ಬಿದ್ದರೆ ಅದನ್ನು ಉರಿಸುವ ಕಲ್ಪಾಕ್ಕಂನ ವೇಗವರ್ಧಕಕ್ಕೂ ಮೊಹರು ಬೀಳುತ್ತದೆ.

ಆ ವೇಗವರ್ಧಕದ, ಅಂದರೆ 500 ಮೆಗಾವಾಟಿನ ಮಾದರಿ ರಿಯಾಕ್ಟರ್‌ನ ಕಟ್ಟಡ ಶುರುವಾದದ್ದು 2004ರಲ್ಲಿ; ಇಂಧನ ತುಂಬುವ ಕೆಲಸಕ್ಕೆ ಪ್ರಧಾನಿ ಎದುರು ಚಾಲನೆ ಸಿಕ್ಕಿದ್ದು 2024ರ ಮಾರ್ಚ್‌ನಲ್ಲಿ. ತಡವಾದದ್ದನ್ನು ಎಲ್ಲರೂ ಕೋಟಿ ರೂಪಾಯಿಗಳಲ್ಲಿ ಲೆಕ್ಕ ಹಾಕುತ್ತಾರೆ. ಸಾಂಗ್ಲಿ ಬಳಿಯ ಹರಿಪುರದಲ್ಲಿ ಅರಿಸಿನದ ವ್ಯಾಪಾರಿಗಳು ಹಗೇವುಗಳಲ್ಲಿ ಮಾಲು ತುಂಬಿ, ದರ ಬರುವ ತನಕ ವರ್ಷಗಟ್ಟಲೆ ಕಾಯುತ್ತಿದ್ದರು, ಬಣ್ಣ ಕೆಡುತ್ತಿರಲಿಲ್ಲ. ಪ್ಲುಟೋನಿಯಂಗೆ ಅಂಥ ಹಗೇವಿಲ್ಲ. ಅದರ 241ರ ಅರ್ಧಾಯುಷ್ಯ 14.3 ವರ್ಷ, ಒಳ್ಳೆಯ ಇಂಧನವೇ ಆದ ಇದು ಸವೆದು ಅಮೆರಿಶಿಯಂ-241 ಆಗುತ್ತದೆ. ಇಪ್ಪತ್ತು ವರ್ಷದಲ್ಲಿ 100 ಗ್ರಾಂ 241ರಲ್ಲಿ ಉಳಿಯುವುದು 38 ಗ್ರಾಂ. ಒಟ್ಟು ಮಾಲಿನಲ್ಲಿ ಇದು ಸಣ್ಣ ಪಾಲು ತಾನೆ ಎನ್ನಬಹುದು, ನಿಜ. ಆದರೆ ಅಮೆರಿಶಿಯಂ ಸೂಸುವ ಗಾಮಾ ಕಿರಣ ರಬ್ಬರ್ ಕೈಗವಸನ್ನು ದಾಟಿ ಕೆಲಸಗಾರರ ಬೆರಳಿಗೆ ಬರುತ್ತದೆ. ಅದಕ್ಕೆ ಸೀಸದ ತಡೆ ಕಟ್ಟಬೇಕು, ಇಲ್ಲವೆ ಎಲ್ಲವನ್ನೂ ಮತ್ತೆ ಆಮ್ಲದಲ್ಲಿ ಕರಗಿಸಿ ಶುದ್ಧಿ ಮಾಡಬೇಕು. ಒಲೆ ಸಿದ್ಧವಾಗುವ ಮೊದಲೇ ಪ್ಲುಟೋನಿಯಂ ಬೇರ್ಪಡಿಸಿ ಕೂಡಿಡುವುದಕ್ಕಿಂತ ಸುಟ್ಟ ಕಂತೆಗಳನ್ನು ಕೈಗಾದ ಕೊಳದಲ್ಲಿ ನೀರಿನಡಿ ಬಿಡುವುದೇ ಮೇಲು: ಅಲ್ಲೂ 241 ಸವೆಯುತ್ತದೆ, ಆದರೆ ಹುಟ್ಟಿದ ಅಮೆರಿಶಿಯಂ ಮುಂದೆ ಒಂದೇ ಬಾರಿಯ ಬೇರ್ಪಡಿಕೆಯಲ್ಲಿ ಕಸದ ಜೊತೆ ಹೊರಟುಹೋಗುತ್ತದೆ.